ಲ್ಯಾಪ್‌ಟಾಪಿನಲ್ಲಿ ಹುಟ್ಟುವ ಕುದುರೆಗಳು

ಈ ಸಲದ ರಾಜ್ಯೋತ್ಸವದ ದಿನ ಊಟ ಮುಗಿಸಿ, ಎಲೆಅಡಿಕೆ ಮೆಲ್ಲುತ್ತ ನಾವು ಸಭಾಗೃಹದ ಹೊರಗೆ ಬಂದೆವು. ವಾಹನ ನಿಲ್ಲಿಸುವ ಅಂಗಳದಲ್ಲಿ ಹತ್ತು-ಹನ್ನೆರಡು ಜನ ಸದಸ್ಯರು ಒಂದು ಹಳೆಯ ಎಸ್‌ಯುವಿಯ ಬಾನೆಟ್ಟು ಎತ್ತಿ ಗುಂಪುಗಟ್ಟಿ ನಿಂತಿದ್ದರು. ಒಳಗೆ ಎರಡನೆಯ ಪಂಕ್ತಿಗೆ ಬಡಿಸಲು ಜನ ಸಾಲದೆ ಕಾರ್ಯದರ್ಶಿಗಳು ಕೂಗಿಕೊಳ್ಳುತ್ತಿದ್ದರು. ಇಲ್ಲಿ ಮಾತ್ರ ಯಾರ ಗಾಡಿಗೆ ಎಷ್ಟು ಕುದುರೆ ಕೂಡಿದವೆಂಬ ಲೆಕ್ಕ ನಡೆದಿತ್ತು. ನಮ್ಮನ್ನು ಕಂಡೊಡನೆ ಒಬ್ಬರು, "ಏನ್ರೀ, ನಿಮ್ಮ ಗಾಡೀಗೆ ಇನ್ನೂ ಚಿಪ್ ಹಾಕ್ಸಿಲ್ಲೇನು? ಇಪ್ಪತ್ತೈದು-ಮೂವತ್ತು ಕುದುರಿ ಒಳಗ ಪುಕ್ಕಟೆ ಕಟ್ಟಿ ನಿಂತಾವ್ರೀ, ಬಿಚ್ಚಿ ಬಿಡೂದಷ್ಟ ಬಾಕಿ!" ಎಂದರು.

ನಾವು ಆ ಕುದುರೆಗಳನ್ನು ಒಮ್ಮೆ ಬಿಚ್ಚಿಸಿ ನೋಡಿದವರು. ಅವು ನಮ್ಮನ್ನು ಎಲ್ಲಿಗೆ ಒಯ್ದು ಕೆಡವಿದವೆಂಬುದನ್ನು ಅಂದೇ ಹೇಳಬೇಕಿತ್ತು. ಹಬ್ಬದ ದಿನ ಬೇಡವೆಂದು ಸುಮ್ಮನಾದೆವು. ಆದರೆ ನಮ್ಮ ಈ ಮಾಸಪತ್ರಿಕೆಯ ಹಿಂಬದಿಯ ಪುಟದಲ್ಲಿ ಕಳೆದ ಮೂರು ಸಂಚಿಕೆಗಳಿಂದ "ನಿಮ್ಮ ಹಳೆಯ ಎಸ್‌ಯುವಿಗೆ ಹೊಸ ಹರೆಯ: ಅರ್ಧ ಗಂಟೆಯಲ್ಲಿ ಶೇಕಡಾ 30 ಹೆಚ್ಚು ಶಕ್ತಿ, ಜೊತೆಗೆ ಹೆಚ್ಚು ಮೈಲೇಜು" ಎಂಬ ಜಾಹೀರಾತು ಬರುತ್ತಿರುವುದರಿಂದ ಇನ್ನು ಸುಮ್ಮನಿರುವುದು ಸರಿಯಲ್ಲವೆನಿಸಿದೆ. ಸಂಪಾದಕರು ಇದನ್ನು ಅಚ್ಚು ಹಾಕಿದರೆ ಅವರ ದೊಡ್ಡತನ.

ಮೊದಲೇ ಒಂದು ಮಾತು. ನಾವು ಮೆಕ್ಯಾನಿಕರಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿ, ಪರೀಕ್ಷೆ ಕಟ್ಟಿ, ಕೇಂದ್ರ ಸರ್ಕಾರದ ಗುಮಾಸ್ತರಾಗಿ ಪುಣೆಗೆ ಬಂದವರು. ಫೈಲು ಓದುವುದು ನಮ್ಮ ವೃತ್ತಿ. ಅಂಕಿ ಕಂಡರೆ ಕೂಡಿಸಿ ನೋಡದೆ ಬಿಡೆವು, ಅದು ದುರಭ್ಯಾಸ.

ನಮ್ಮದು 2014ರ ರೆನೋ ಡಸ್ಟರ್, ಡೀಸೆಲ್, 85 ಅಶ್ವಶಕ್ತಿಯದು. 2019ರಲ್ಲಿ ಒಬ್ಬ ಕೈ ತಿರುಗಿದ ಮೇಲೆ ಕೊಂಡೆವು. ಊರಿಗೆ ಹೋಗಲು ಅವ್ವನಿಗೆ ಬಸ್ಸಿನ ಕುಲುಕಾಟ ಆಗದು, ರೈಲಿನ ಟಿಕೆಟ್ಟು ಹಬ್ಬಕ್ಕೆ ಸಿಗದು. ಆದ್ದರಿಂದ ಈ ಗಾಡಿ. 2023ರ ಹೊತ್ತಿಗೆ 1,10,000 ಕಿಲೋಮೀಟರು ಓಡಿತ್ತು. ಘಾಟಿನಲ್ಲಿ ಏರು ಬಂದರೆ ಏದುಸಿರು ಬಿಡತೊಡಗಿತು. ಬಿ.ಇ. ಓದುವ ನಮ್ಮ ಮಗ, "ಅಪ್ಪಾ, ಇದೇ ಎಂಜಿನ್ನು 110 ಕುದುರೆಯಲ್ಲೂ ಬರುತ್ತಿತ್ತು. ಎರಡಕ್ಕೂ ಸಾಫ್ಟ್‌ವೇರಷ್ಟೇ ವ್ಯತ್ಯಾಸ" ಎಂದು ಕಂಪ್ಯೂಟರಿನಲ್ಲಿ ಏನೇನೋ ತೋರಿಸಿದ. ನಮಗೂ ಆಸೆ ಹುಟ್ಟಿತು. ಬೋನಸ್ಸಿನ ಹಣಕ್ಕೆ ಇನ್ನಷ್ಟು ಕೂಡಿಸಿ 18,000 ರೂಪಾಯಿ ಒಯ್ದು ಕೊಟ್ಟೆವು. ಅಂಗಡಿಯ ಹೆಸರು ಬೇಡ. ಅಂಥವು ಊರೆಲ್ಲ ಇವೆ. ಒಬ್ಬ ಹುಡುಗ ಸ್ಟೇರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಚಹಾ ಕುಡಿದು ಮುಗಿಸುವಷ್ಟರಲ್ಲಿ "ಆಯಿತು ಕಾಕಾ" ಎಂದ. ಟರ್ಬೊದ ಕೊಳವೆ ನೋಡಲಿಲ್ಲ. ಗಾಳಿಯ ಫಿಲ್ಟರು ತೆಗೆಯಲಿಲ್ಲ. ಕ್ಲಚ್ಚು ಎಷ್ಟು ಹಳೆಯದೆಂದು ಕೇಳಲಿಲ್ಲ. ಬಾನೆಟ್ಟನ್ನೇ ಎತ್ತಲಿಲ್ಲ!

ಮೂರು ವಾರ ಗಾಡಿ ಚಿಗರೆಯಾಯಿತು. ಸುಳ್ಳು ಹೇಳಬಾರದು, ನಮಗೂ ಖುಷಿಯೇ ಆಯಿತು. ಕಚೇರಿಗೆ ಹೋಗುವಾಗ ಸಿಗ್ನಲಿನಲ್ಲಿ ಬೈಕಿನ ಹುಡುಗರ ಜೊತೆ ಪೈಪೋಟಿ ಮಾಡಿದ್ದೂ ಉಂಟು. ನಲವತ್ತರ ಮೇಲಿನವರು ಇದನ್ನು ಬರೆದುಕೊಳ್ಳಬಾರದು, ಇರಲಿ.

ಆ ದೀಪಾವಳಿಗೆ ಅವ್ವ, ಮನೆಯವರು, ಮಕ್ಕಳಿಬ್ಬರು, ಮೇಲೆ ಕ್ಯಾರಿಯರಿನ ತುಂಬ ಸಾಮಾನು ಸಹಿತ ಧಾರವಾಡಕ್ಕೆ ಹೊರಟೆವು. ಶಿರವಳ ದಾಟಿ ಖಂಬಾಟಕಿ ಘಾಟು ಏರತೊಡಗಿದಾಗ ಎದುರಿಗೆ ಲಾರಿಗಳ ಸಾಲು. ಹಿಂದಿನಿಂದ ಅವ್ವ, "ತಮ್ಮಾ, ಏನೋ ಸುಟ್ಟ ವಾಸನಿ ಬರಾಕತ್ತೈತೆಲ್ಲೋ" ಎಂದಳು. "ಏನಿಲ್ಲವ್ವಾ, ಮುಂದಿನ ಲಾರೀದು" ಎಂದೆವು. ಕಾಲು ಒತ್ತಿದರೆ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಮೇಲಕ್ಕೆ ಹಾರುತ್ತದೆ, ಗಾಡಿಯ ವೇಗ ಮಾತ್ರ ಇಳಿಯುತ್ತದೆ. ಮೂರನೆಯ ತಿರುವಿನ ಹೊತ್ತಿಗೆ ಗಾಡಿಯ ಕೆಳಗಿನಿಂದ ಹೊಗೆ. ಎಪ್ಪತ್ತನಾಲ್ಕು ವರ್ಷದ ಅವ್ವನನ್ನು ಇಳಿಸಿ, ತಡೆಗೋಡೆಯ ಬದಿಯಲ್ಲಿ ಚೀಲದ ಮೇಲೆ ಕೂಡಿಸಿದೆವು. ನೆರಳಿರಲಿಲ್ಲ. ಪಕ್ಕದಲ್ಲೇ ಟ್ರಕ್ಕುಗಳು ಮೈಗೆ ಗಾಳಿ ಬಡಿಯುವಂತೆ ಹೋಗುತ್ತಿದ್ದವು. ಕ್ರೇನು ಬರಲು ಎರಡೂವರೆ ಗಂಟೆ ಹಿಡಿಯಿತು. ಆ ಎರಡೂವರೆ ಗಂಟೆ ನಾವು ಅವ್ವನ ಮುಖ ನೋಡಲಿಲ್ಲ. ಆ ದೀಪಾವಳಿಗೆ ಊರಿನ ಮನೆಯಲ್ಲಿ ದೀಪ ಹಚ್ಚಿದವರು ಪಕ್ಕದ ಮನೆಯವರು.

ಆದದ್ದೇನು? ಬಿ.ಎಸ್ಸಿ. ಮೊದಲನೆಯ ವರ್ಷದ ಘರ್ಷಣೆಯ ಪಾಠ. ಕ್ಲಚ್ಚಿನ ಫಲಕವನ್ನು ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಆ ಒತ್ತಡ, ಫಲಕದ ಒರಟುತನ, ಅದರ ಅಗಲ, ಈ ಮೂರರ ಮೇಲೆ ಅದು ಎಷ್ಟು ಟಾರ್ಕು ದಾಟಿಸಬಲ್ಲದೆಂಬುದು ನಿಂತಿದೆ. ನಮ್ಮ ಎಂಜಿನ್ನು ಕಾರ್ಖಾನೆಯಿಂದ ಬಂದಾಗ 200 ನ್ಯೂಟನ್ ಮೀಟರಿನದು. ಹುಡುಗ ಅದನ್ನು 250ಕ್ಕೆ ಏರಿಸಿದ್ದೇನೆಂದು ಹೆಮ್ಮೆಯಿಂದ ಹೇಳಿದ್ದ. ಹೊಸ ಕ್ಲಚ್ಚಿನಲ್ಲಿ ಒಂದಿಷ್ಟು ಮೀಸಲು ಇರುತ್ತದೆ. ಲಕ್ಷ ಕಿಲೋಮೀಟರು ಸವೆದ ಫಲಕದಲ್ಲಿ ಅದು ಯಾವಾಗಲೋ ಖರ್ಚಾಗಿತ್ತು. ಅದು ಜಾರಿತು, ಕಾಯಿತು, ಕಾದದ್ದರಿಂದ ಮತ್ತಷ್ಟು ಜಾರಿತು.

ಇನ್ನು "ಎರಡಕ್ಕೂ ಸಾಫ್ಟ್‌ವೇರಷ್ಟೇ ವ್ಯತ್ಯಾಸ" ಎಂಬ ಮಾತು. ಇದನ್ನು ಈ ಅಂಗಡಿಗಳು ಜಪದ ಹಾಗೆ ಹೇಳುತ್ತವೆ. 2012ರಲ್ಲಿ ಡಸ್ಟರ್ ನಮ್ಮ ದೇಶಕ್ಕೆ ಬಂದಾಗ 1,461 ಸಿ.ಸಿ.ಯ ಡೀಸೆಲ್ ಎಂಜಿನ್ನು 85 ಮತ್ತು 110 ಎಂದು ಎರಡು ಬಗೆಯಲ್ಲಿ ಬಂದದ್ದು ನಿಜ. ಆದರೆ 110ರದಕ್ಕೆ ಟರ್ಬೊ ಬೇರೆ. ಅದರೊಳಗೆ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ, ತಾವೇ ತಿರುಗುವ ಸಣ್ಣ ರೆಕ್ಕೆಗಳಿವೆ. 85ರದರಲ್ಲಿ ಆ ಏರ್ಪಾಡಿಲ್ಲ. ಗೇರುಪೆಟ್ಟಿಗೆ ಬೇರೆ, ಅಲ್ಲಿ ಆರು ಗೇರು, ಇಲ್ಲಿ ಐದು. ಲ್ಯಾಪ್‌ಟಾಪಿನಲ್ಲಿ ಅಂಕಿ ತಿದ್ದಿದರೆ ಟರ್ಬೊಗೆ ರೆಕ್ಕೆ ಹುಟ್ಟುವುದಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ತಿದ್ದಿದ ಹುಡುಗನಿಗೆ ಗಣಿತ ಬಂದೀತೆ?

ಹಾಗಾದರೆ ಲ್ಯಾಪ್‌ಟಾಪು ಮಾಡುವುದೇನು? ಎಂಜಿನ್ನಿನ ಕಂಪ್ಯೂಟರಿನೊಳಗೆ ಕೋಷ್ಟಕಗಳಿವೆ, ನಮ್ಮ ಲಾಗರಿದಮ್ ಪುಸ್ತಕದ ಹಾಗೆ. ಇಷ್ಟು ಸುತ್ತಿಗೆ, ಇಷ್ಟು ಕಾಲು ಒತ್ತಿದರೆ, ಇಷ್ಟು ಡೀಸೆಲು, ಇಷ್ಟು ಗಾಳಿಯ ಒತ್ತಡ, ಇದಕ್ಕಿಂತ ಹೆಚ್ಚಿನ ಟಾರ್ಕು ಬೇಡ ಎಂದು. ಆ ಅಂಕಿಗಳನ್ನು ಏರಿಸುವುದೇ ಈ ವಿದ್ಯೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಇದರಿಂದ ಶಕ್ತಿ ಹೆಚ್ಚುವುದು ಖರೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ತಯಾರಕರು ಆ ಅಂಕಿಗಳನ್ನು ಕೆಳಗಿಟ್ಟದ್ದು ಕುದುರೆಗಳನ್ನು ಬಚ್ಚಿಡುವ ಚಾಳಿಯಿಂದಲ್ಲ. ರಾಜಸ್ಥಾನದ ಮೇ ತಿಂಗಳು, ಕಲಬೆರಕೆ ಡೀಸೆಲು, ಗುಡ್ಡದ ತೆಳುಗಾಳಿ, ಐದು ಜನರ ಗಾಡಿಯಲ್ಲಿ ಎಂಟು ಜನ, ಸರ್ವಿಸಿಗೆ ತಡಮಾಡುವ ನಮ್ಮಂಥವರು, ಇವನ್ನೆಲ್ಲ ಎಣಿಸಿ ಮೀಸಲು ಬಿಟ್ಟಿರುತ್ತಾರೆ. ಹಿಂದಿನ ನೌಕರರ ಜಿ.ಪಿ.ಎಫ್. ಇದ್ದ ಹಾಗೆ. (2004ರ ನಂತರ ಸೇರಿದ ನಮಗೆ ಆ ಭಾಗ್ಯವಿಲ್ಲ, ಆದ್ದರಿಂದಲೇ ಮೀಸಲಿನ ಬೆಲೆ ಗೊತ್ತು.) ಹೊಸ ಗಾಡಿಯ ಮೀಸಲನ್ನು ಮುರಿದು ತಿಂದರೂ ಸ್ವಲ್ಪ ದಿನ ನಡೆದೀತು. ಹತ್ತು ವರ್ಷದ ಗಾಡಿಯಲ್ಲಿ ಖಾತೆ ಖಾಲಿ.

ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಎಸ್‌ಯುವಿಗಳವರಿಗಂತೂ ಇದು ಹಾಡುಹಗಲ ವಂಚನೆ. ಅಲ್ಲಿ ಎಂಜಿನ್ನಿಗೆ ಸಿಗುವ ಗಾಳಿ ವಾತಾವರಣ ಒತ್ತಿದಷ್ಟೇ. ಗಾಳಿ ಹೆಚ್ಚದೆ ಪೆಟ್ರೋಲು ಹೆಚ್ಚಿಸಿದರೆ ಸುಡುವುದೆಲ್ಲಿ? ಬೆರಳೆಣಿಕೆಯ ಕುದುರೆ ಸಿಕ್ಕರೆ ಹೆಚ್ಚು. ಕೆಲವರು ಮೂಲದ ಫಿಲ್ಟರಿನ ಪೆಟ್ಟಿಗೆ ಕಿತ್ತು ಕೆಂಪು ಟೋಪಿಯಂಥ ಫಿಲ್ಟರು ಸಿಕ್ಕಿಸಿಕೊಳ್ಳುತ್ತಾರೆ. ಅದು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಬಿಸಿ ಗಾಳಿ ತೆಳು. ಹೆಚ್ಚುವುದು ಸದ್ದು. ಸದ್ದನ್ನೇ ಶಕ್ತಿಯೆಂದು ನಂಬುವುದು ನಮ್ಮ ಸಂಘದ ಧ್ವನಿವರ್ಧಕದವರಿಗೂ ಇರುವ ರೋಗ.

"ಶಕ್ತಿಯೂ ಹೆಚ್ಚು, ಮೈಲೇಜೂ ಹೆಚ್ಚು" ಎಂಬ ಜಾಹೀರಾತಿನ ಸಾಲನ್ನು ಅಚ್ಚು ಹಾಕುವ ಮುಂಚೆ ಸಂಪಾದಕರು ಯಾವ ಪಿ.ಯು.ಸಿ. ವಿದ್ಯಾರ್ಥಿಯನ್ನು ಕೇಳಿದ್ದರೂ ಸಾಕಿತ್ತು. ಒಂದು ಲೀಟರು ಡೀಸೆಲಿನಲ್ಲಿ ಇರುವುದು ಸುಮಾರು 36 ಮೆಗಾಜೂಲು. ಕುದುರೆ ಹೆಚ್ಚು ಎಳೆದರೆ ಹೆಚ್ಚು ಮೇಯುತ್ತದೆ. ಮೆಲ್ಲಗೆ ಓಡಿಸಿದರೆ ಮೈಲೇಜು ಬರುವುದು ನಿಜ, ಅದು ಲ್ಯಾಪ್‌ಟಾಪಿಲ್ಲದೆಯೂ ಬರುತ್ತದೆ.

ನಮ್ಮ ಗಾಡಿಗೆ ನಿಜವಾಗಿ ಏನಾಗಿತ್ತೆಂಬುದನ್ನು ಕಂಡುಹಿಡಿದವರು ಕಾತ್ರಜದ ಕಡೆಯ ಒಬ್ಬ ಮುದುಕ ಮಿಸ್ತ್ರಿ. ಕ್ಲಚ್ಚು ಬಿಚ್ಚುವ ಮೊದಲು ಅವರು ಎಂಜಿನ್ನು ಚಾಲೂ ಮಾಡಿಸಿ, ಕಿವಿಗೊಟ್ಟು ಸುಮ್ಮನೆ ನಿಂತರು. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರಿನ ಕೊಳವೆಯ ಕೆಳಮೈಯನ್ನು ಬೆರಳಿನಿಂದ ಸವರಿ ತೋರಿಸಿದರು. ಎಣ್ಣೆಯ ಪಸೆ, ಅದರಡಿ ಬೆರಳುದ್ದದ ಸೀಳು. ಟರ್ಬೊ ಒತ್ತಿದ ಗಾಳಿಯಲ್ಲಿ ಒಂದು ಪಾಲು ಎಂಜಿನ್ನಿಗೆ ಹೋಗದೆ ಬೀದಿಗೆ ಹೋಗುತ್ತಿತ್ತು. ಏರಿನಲ್ಲಿ ಕರಿಹೊಗೆ ಬರುತ್ತಿದ್ದುದು, ಸಣ್ಣಗೆ ಸೀಟಿ ಕೇಳುತ್ತಿದ್ದುದು ಇದಕ್ಕೇ. ಆ ಸೀಟಿಯನ್ನು ನಾವು ಟರ್ಬೊದ ಗತ್ತೆಂದು ತಿಳಿದು ನೆಂಟರಿಗೆ ಕೇಳಿಸಿದ್ದೆವು! ಸೀಳಿದ ಕೊಳವೆಯ ಮೇಲೆಯೇ ಆ ಹುಡುಗ ಗಾಳಿಯ ಒತ್ತಡದ ಅಂಕಿ ಏರಿಸಿದ್ದ. ಸೋರಿದ್ದನ್ನು ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಿ ದುಡಿಯಬೇಕಾಯಿತು. ತೂತುಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಹಚ್ಚಿದ ಹಾಗೆ.

ಗಾಳಿಯ ಫಿಲ್ಟರು ಕಂಬಳಿಯಂತಾಗಿತ್ತು. ಡೀಸೆಲ್ ಫಿಲ್ಟರು ಬದಲಿಸಿ 40,000 ಕಿಲೋಮೀಟರಿನ ಮೇಲಾಗಿತ್ತು. ಮುಂದಿನ ಎಡಚಕ್ರದ ಬ್ರೇಕಿನ ಪಿನ್ನು ತುಕ್ಕು ಹಿಡಿದು, ಕಾಲು ತೆಗೆದರೂ ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ. ಅಂದರೆ ನಾಲ್ಕು ವರ್ಷ ನಾವು ಒಂದು ಕೈಯಲ್ಲಿ ಲಗಾಮು ಜಗ್ಗಿ ಹಿಡಿದು ಇನ್ನೊಂದು ಕೈಯಲ್ಲಿ ಚಾಟಿ ಬೀಸುತ್ತಿದ್ದೆವು. ಟೈಮಿಂಗ್ ಬೆಲ್ಟಿನ ಅವಧಿ ಮೀರಿದೆಯೆಂದೂ ಅವರೇ ಎಚ್ಚರಿಸಿದರು. ಈ ಎಂಜಿನ್ನಿನಲ್ಲಿ ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಡೀ ತಲೆಯೇ ಹೋಗುತ್ತದೆ.

ಖರ್ಚು ಹೇಳಿಬಿಡುವೆವು. ಕೊಳವೆ, ಎರಡು ಫಿಲ್ಟರು, ಬ್ರೇಕಿನ ರಿಪೇರಿ, ಕೂಲಿ ಸೇರಿ 7,400. ಬೆಲ್ಟಿನದು ಬೇರೆ, ಅದು ಹೇಗೂ ಮಾಡಿಸಲೇಬೇಕಾದದ್ದು. ಸುಟ್ಟ ಕ್ಲಚ್ಚಿಗೆ 23,000. ಕ್ರೇನಿಗೆ 6,500. ಹಳೆಯ ಅಂಕಿಗಳನ್ನು ಮರಳಿ ಹಾಕಿಸಲು ಅದೇ ಅಂಗಡಿಗೆ ಹೋದರೆ, "ಮೂಲದ ಫೈಲು ಇಟ್ಟಿರುತ್ತೇವೆ, ಯಾವಾಗ ಬೇಕಾದರೂ ಪುಕ್ಕಟೆ" ಎಂದಿದ್ದವರು 4,000 ಕೇಳಿದರು. ಕೊಟ್ಟೆವು. ರಸೀದಿ ಕೇಳಿದ್ದಕ್ಕೆ ನಕ್ಕರು. 7,400ರಲ್ಲಿ ಮುಗಿಯುತ್ತಿದ್ದ ರೋಗಕ್ಕೆ ನಾವು ಬೇರೆಯಾಗಿ 51,500 ರೂಪಾಯಿ ಚೆಲ್ಲಿದೆವು.

ಹರಿದ ಕೊಳವೆಯದು ಬದಲಾದ ಮೇಲೆ, ಲ್ಯಾಪ್‌ಟಾಪಿನ ಕುದುರೆಗಳನ್ನೆಲ್ಲ ಹೊರಗಟ್ಟಿದ ಮೇಲೆ, ನಾವು ಅಳತೆ ಮಾಡಿದೆವು. ಚಿಪ್ಪು ಹಾಕಿಸುವ ಮುನ್ನ ಮಗ ಅದೇ ಸಮತಟ್ಟು ರಸ್ತೆಯಲ್ಲಿ, ನಸುಕಿನಲ್ಲಿ, ಮೂರನೆಯ ಗೇರಿನಲ್ಲಿ 40ರಿಂದ 80ರ ವೇಗಕ್ಕೆ ಹೋಗಲು ಹಿಡಿಯುವ ಸಮಯ ಬರೆದಿಟ್ಟಿದ್ದ: 13 ಸೆಕೆಂಡು. ಹೋಗುವಾಗೊಮ್ಮೆ ಬರುವಾಗೊಮ್ಮೆ ಅಳೆದು ಸರಾಸರಿ ತೆಗೆದದ್ದು, ಗಾಳಿಯ ಮತ್ತು ಇಳಿಜಾರಿನ ದೋಷ ಹೋಗಲೆಂದು. ರಿಪೇರಿಯ ನಂತರ 9. ಇವೇ ನಾವು ಕಳೆದುಕೊಂಡಿದ್ದ ಕುದುರೆಗಳು. ನಮ್ಮವೇ. 85ರಲ್ಲಿ ಎಷ್ಟು ಉಳಿದಿವೆಯೆಂದು ಎಣಿಸದೆ 110ಕ್ಕೆ ಹೊರಟಿದ್ದೆವು.

ಆಮೇಲೆ ಕುತೂಹಲಕ್ಕೆ ಘಾಟಿನ ಲೆಕ್ಕವನ್ನೂ ಹಾಕಿದೆವು. ಜನ, ಸಾಮಾನು ಸೇರಿ 1,700 ಕಿಲೋ ತೂಕವೆನ್ನಿ. ನೂರಕ್ಕೆ ಆರರ ಏರು, ಗಂಟೆಗೆ 50ರ ವೇಗ. ಗಾಡಿಯನ್ನು ಮೇಲೆತ್ತಲು 19 ಅಶ್ವಶಕ್ತಿ, ಚಕ್ರದ ಉರುಳು ಮತ್ತು ಗಾಳಿಯ ತಡೆಗೆ ಮತ್ತೆ ಏಳು. ಒಟ್ಟು 26! 80ರ ವೇಗದಲ್ಲಿ ಏರಿದರೂ ಐವತ್ತರೊಳಗೆ. ಮತ್ತೆ 85 ಏಕೆ ಸಾಲದು? ಏಕೆಂದರೆ ನಾವು ಐದನೆಯ ಗೇರು ಬಿಡುವುದಿಲ್ಲ. ಐದರಲ್ಲಿ 50ಕ್ಕೆ ಎಂಜಿನ್ನು 1,200 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಟರ್ಬೊ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಆಗ ಅದರ ಕೈಯಲ್ಲಿರುವುದು ನಮ್ಮ ಅಂದಾಜಿನಂತೆ ಇಪ್ಪತ್ತರ ಸುಮಾರು ಕುದುರೆ. ಬೇಕಾದದ್ದು ಇಪ್ಪತ್ತಾರು. ಮೂರಕ್ಕೆ ಇಳಿಸಿದರೆ ಸುತ್ತು 2,000 ದಾಟುತ್ತದೆ, ಐವತ್ತೈದು-ಅರವತ್ತು ಕುದುರೆ ಕೈಗೆ ಬರುತ್ತವೆ. ಪುಕ್ಕಟೆ ಕಟ್ಟಿ ನಿಂತ ಕುದುರೆಗಳೆಂದರೆ ಇವು, ಸ್ವಾಮಿ. ಬಿಚ್ಚುವ ಹಗ್ಗ ನಿಮ್ಮ ಎಡಗೈಯಲ್ಲೇ ಇದೆ. ಮೂರಕ್ಕೆ ಇಳಿಸಿದರೆ ಡೀಸೆಲು ಹೋದೀತೆಂದು ಐದರಲ್ಲೇ ಅದುಮುವವರು, ಅದೇ ಕೈಯಲ್ಲಿ 18,000 ಎಣಿಸಿ ಕೊಡುತ್ತಾರೆ.

ಕಾಯದೆಯ ಮಾತೆತ್ತಿದರೆ ನಮ್ಮವರಿಗೆ ನಗು. ಆದರೂ ಫೈಲಿನವರು ನಾವು, ಹೇಳದೆ ಬಿಡೆವು. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲಿಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಬದಲಾವಣೆ ಕಣ್ಣಿಗೆ ಕಾಣದೆಂದು ಕಾಯದೆ ಎಲ್ಲಿಯೂ ವಿನಾಯಿತಿ ಕೊಟ್ಟಿಲ್ಲ. ವಿಮೆಯವರಿಗೆ ತಿಳಿಸದೆ ಮಾಡಿಸಿದರೆ ಅಪಘಾತದ ದಿನ ಅವರಿಗೆ ಒಂದು ನೆಪ ಸಿಕ್ಕಂತೆ. "ಯುರೋಪಿನಲ್ಲಿ ಎಲ್ಲರೂ ಮಾಡಿಸುತ್ತಾರೆ" ಎನ್ನುವವರು ಜರ್ಮನಿಯ ಪದ್ಧತಿ ನೋಡಲಿ. ಅಲ್ಲಿ ಶಕ್ತಿ ಹೆಚ್ಚಿಸಿದರೆ ತಪಾಸಣೆ ಮಾಡಿಸಿ ಕಾಗದದಲ್ಲಿ ಬರೆಸಬೇಕು. ಇಲ್ಲದಿದ್ದರೆ ಗಾಡಿ ರಸ್ತೆಗಿಳಿಯುವ ಪರವಾನಿಗೆಯೇ ಹೋಗುತ್ತದೆ.

"ಪಿ.ಯು.ಸಿ. ಚೀಟಿ ಸಿಗುತ್ತದಲ್ಲ?" ಎಂಬುದು ಇನ್ನೊಂದು ವಾದ. ಸಿಗುತ್ತದೆ. ಡೀಸೆಲ್ ಗಾಡಿಗೆ ಆ ತಪಾಸಣೆಯಲ್ಲಿ ನೋಡುವುದು ಹೊಗೆಯ ಕಪ್ಪನ್ನು ಮಾತ್ರ. ಇಜಿಆರ್ ವಾಲ್ವು ಮುಚ್ಚಿಸಿಕೊಂಡರೆ ಹೆಚ್ಚುವ ಸಾರಜನಕದ ಆಕ್ಸೈಡುಗಳಿಗೆ ಬಣ್ಣದ ಕಪ್ಪಿಲ್ಲ, ಚೀಟಿಯಲ್ಲಿ ಅವಕ್ಕೆ ಕಾಲಮೂ ಇಲ್ಲ. ಮಕ್ಕಳ ಎದೆಯೊಳಗೆ ಮಾತ್ರ ಜಾಗವಿದೆ. ಅಷ್ಟು ಮಾಡಿಯೂ ಪೂರ್ತಿ ಕಾಲು ಒತ್ತಿದಾಗ ಆ ವಾಲ್ವು ಹೇಗೂ ಮುಚ್ಚಿಕೊಳ್ಳುವುದರಿಂದ ಘಾಟಿನಲ್ಲಿ ಸಿಗುವ ಲಾಭ ಸೊನ್ನೆ.

ನಮ್ಮ ಸಿಟ್ಟಿನ ದೊಡ್ಡ ಪಾಲು ಇನ್ನೂ ಉಳಿದಿದೆ. "ನಮ್ಮ ಗಾಡಿ, ನಮ್ಮ ದುಡ್ಡು, ನಿಮಗೇನು?" ಎಂದು ಕೇಳುವವರಿಗೆ ಇದು. ಕಳೆದ ವರ್ಷ ನಮ್ಮ ಸಂಘದ ಸದಸ್ಯರೊಬ್ಬರು ಹೀಗೆ ಕುದುರೆ ಕೂಡಿಸಿದ್ದ ಗಾಡಿಯನ್ನು ಇದೇ ಪತ್ರಿಕೆಯ ಕಿರುಜಾಹೀರಾತಿನ ಮೂಲಕ, "ಕುಟುಂಬದವರು ಬಳಸಿದ್ದು, ಸುಸ್ಥಿತಿಯಲ್ಲಿದೆ" ಎಂದು ಹೇಳಿ, ಊರಿನಿಂದ ಹೊಸದಾಗಿ ಬಂದ ಕುಟುಂಬವೊಂದಕ್ಕೆ ಮಾರಿದರು. ಚಿಪ್ಪಿನ ವಿಷಯ ಬಾಯಿಬಿಡಲಿಲ್ಲ. ಕೊಂಡವರು ಕನ್ನಡದವರ ಗಾಡಿಯೆಂದು ಎರಡನೆಯ ಮಾತು ಕೇಳದೆ ಹಣ ಎಣಿಸಿದ್ದರು. ಐದು ತಿಂಗಳಲ್ಲಿ ಟರ್ಬೊ ಹೋಯಿತು. ಅವರು ಈಗ ಸಂಘದ ಕಾರ್ಯಕ್ರಮಕ್ಕೆ ಬರುವುದಿಲ್ಲ. ಮಾರಿದವರು ಬರುತ್ತಾರೆ, ಮೊದಲ ಸಾಲಿನಲ್ಲಿ ಕೂಡುತ್ತಾರೆ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಾವು ಎರಡು ಬೇಡಿಕೆ ಸಲ್ಲಿಸುತ್ತೇವೆ. ಕಿರುಜಾಹೀರಾತಿನಲ್ಲಿ ಗಾಡಿ ಮಾರುವವರು ಎಂಜಿನ್ನಿನ ಅಂಕಿಗಳನ್ನು ತಿದ್ದಿಸಿದ್ದರೆ ಅದನ್ನು ಬರೆಯತಕ್ಕದ್ದು. ಬರೆಯದೆ ಸಿಕ್ಕಿಬಿದ್ದವರ ಜಾಹೀರಾತನ್ನು ಮುಂದೆ ತೆಗೆದುಕೊಳ್ಳತಕ್ಕದ್ದಲ್ಲ. ಮತ್ತು ಹಿಂಬದಿಯ ಪುಟದ ಆ ಜಾಹೀರಾತುದಾರರು ಯಾವುದಾದರೊಂದು ಹತ್ತು ವರ್ಷದ ಗಾಡಿಯನ್ನು, ಅದೇ ದಿನ, ಅದೇ ಯಂತ್ರದ ಮೇಲೆ, ತಿದ್ದುವ ಮುನ್ನ ಮತ್ತು ತಿದ್ದಿದ ನಂತರ ಅಳೆದ ಎರಡು ನಕ್ಷೆಗಳನ್ನು ತಂದು ತೋರಿಸಲಿ; ತೋರಿಸುವವರೆಗೆ ಆ ಪುಟ ನಿಲ್ಲಲಿ. ಒಂದೇ ನಕ್ಷೆ ತೋರಿಸಿ ಬೀಗುವುದನ್ನು ನಾವು ಕಂಡಿದ್ದೇವೆ.

ಆ ಪುಟ ನಿಂತರೆ ಪತ್ರಿಕೆಗೆ ತಿಂಗಳಿಗೆ 1,500 ರೂಪಾಯಿ ಕಡಿಮೆ ಬೀಳುವುದೆಂದು ಖಜಾಂಚಿಗಳು ಹೇಳುತ್ತಾರೆ. ಬೇರೆ ಜಾಹೀರಾತು ಸಿಗುವವರೆಗೆ ಮೂರು ತಿಂಗಳು ಅದನ್ನು ನಾವೇ ಕಟ್ಟಲು ಸಿದ್ಧರಿದ್ದೇವೆ. ರಸೀದಿ ಮಾತ್ರ ಕೊಡಬೇಕು.